ಸೋಸಿದ ಗಾಳಿ

ನಮ್ಮ ಹೆಣ್ಣುಮಕ್ಕಳ ಅರ್ಧ ಆಯುಷ್ಯ ಸೋಸುವುದರಲ್ಲಿಯೇ ಕಳೆಯುತ್ತದೆ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಬೆಳಗಾದರೆ ಹಾಲು ಸೋಸಬೇಕು, ಚಹಾ ಸೋಸಬೇಕು, ಹಿಟ್ಟು ಸಾಣಿಗೆ ಹಿಡಿಯಬೇಕು, ಬೇಳೆ ಕೇರಬೇಕು. ನಮ್ಮ ಅಜ್ಜಿಯಂತೂ ಕೊಡದ ಬಾಯಿಗೆ ಮಡಿಚಿದ ಬಟ್ಟೆ ಕಟ್ಟದೆ ಬಾವಿಯ ನೀರನ್ನು ತುಂಬುತ್ತಿರಲಿಲ್ಲ. ಅದು ಅವಳ ಮಡಿಯ ಒಂದು ಭಾಗವೆಂದು ನಾನು ಸಣ್ಣವಳಿದ್ದಾಗ ತಿಳಿದಿದ್ದೆ. ಮುಂದೆ ಮಕ್ಕಳಿಗೆ ಪಾಠ ಹೇಳುವಾಗ ಅದರ ಮರ್ಮ ತಿಳಿಯಿತು. ನಾರುಹುಣ್ಣಿನ ಹುಳು ನೀರಿನಲ್ಲಿ ಚುಕ್ಕೆಯಷ್ಟು ಕಾಣುವ ಒಂದು ಜೀವಿಯ ಹೊಟ್ಟೆಯಲ್ಲಿ ಕುಳಿತು ಮನುಷ್ಯನ ಹೊಟ್ಟೆ ಸೇರುತ್ತದೆ. ನೀರನ್ನು ಬಟ್ಟೆಯಲ್ಲಿ ಸೋಸಿದರೆ ಅದು ಅಲ್ಲಿಯೇ ನಿಲ್ಲುತ್ತದೆ. ಆ ರೋಗಕ್ಕೆ ಲಸಿಕೆ ಇಲ್ಲ, ಕೊಲ್ಲುವ ಔಷಧವೂ ಇಲ್ಲ. ಆದರೂ ನಮ್ಮ ದೇಶದ ಕೊನೆಯ ರೋಗಿ 1996ರಲ್ಲಿ ಕಂಡು, 2000ದಲ್ಲಿ ಭಾರತ ಈ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಇಳಿದು ಹೋಗುವ ಮೆಟ್ಟಿಲು ಬಾವಿಗಳನ್ನು ಮುಚ್ಚಿಸಿದ್ದು ಮತ್ತು ಒಂದು ತುಂಡು ಬಟ್ಟೆ, ಇವೆರಡರಿಂದಲೇ ಮುಖ್ಯವಾಗಿ ಆದ ಕೆಲಸವದು.

ಸೋಸುವುದರ ಮಹಿಮೆ ಇಷ್ಟು ಗೊತ್ತಿದ್ದ ನಾನೇ ಒಂದು ವರ್ಷ ಒಂದು ಒಳ್ಳೆಯ ಸೋಸುವ ಸಾಮಾನನ್ನು ಕಿತ್ತು ಹಾಕುವುದಕ್ಕೆ ಕೈಯಾರೆ ರೊಕ್ಕ ಕೊಟ್ಟೆ. ಆ ಕಥೆಯನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ತವರು ಚಚಡಿ. ಸವದತ್ತಿ ಸೀಮೆಯ ಎರೆ ಭೂಮಿ. ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿಯನ್ನು ಕಿತ್ತುಕೊಳ್ಳುವ ಆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮೇಲಿನ ಪದರು ಹಿಟ್ಟಿನಂತೆ ಹಾರುತ್ತದೆ. ಅಪ್ಪ ತೀರಿದ ಮೇಲೆ ನನ್ನ ಹೆಸರಿಗೂ ಎರಡು ಎಕರೆ ಬಂದಿದೆ. ಅಣ್ಣನ ಹೊಲದೊಂದಿಗೆ ಅದನ್ನೂ ಅವನ ಮಗನೇ ನೋಡಿಕೊಳ್ಳುತ್ತಾನೆ. ಹಿಂಗಾರಿಗೆ ಜೋಳ, ಕಡಲೆ. ನಾನು ರಜೆಗೆ ಹೋಗಿ ಕಣದಲ್ಲಿ ಕುಳಿತು ಚೀಲ ಎಣಿಸಿ ಬರುವ ಒಕ್ಕಲಗಿತ್ತಿ.

ಮನೆಯಲ್ಲಿ 15 ಅಶ್ವಶಕ್ತಿಯ, ಒಂದೇ ಸಿಲಿಂಡರಿನ ಸಣ್ಣ ಟ್ರ್ಯಾಕ್ಟರ್ ಇದೆ. ಸಾಲಿನ ನಡುವೆ ಎಡೆ ಹೊಡೆಯಲಿಕ್ಕೂ, ಸಣ್ಣ ರಾಶಿ ಮಷೀನು ನಡೆಸಲಿಕ್ಕೂ ಅದೇ. ಮೂರು ವರ್ಷಗಳ ಹಿಂದೆ ದೀಪಾವಳಿಗೆ ಹೋದಾಗ ಅಣ್ಣನ ಮಗ ನನ್ನ ಹಿಂದೆ ಬಿದ್ದ. ಪಕ್ಕದ ಊರಿನ ಜಾತ್ರೆಯಲ್ಲಿ ಸಣ್ಣ ಟ್ರ್ಯಾಕ್ಟರುಗಳ ಸ್ಪರ್ಧೆಯಿತ್ತಂತೆ. ನಮ್ಮ ಭಾಗದಲ್ಲಿ ಈಗ ಎತ್ತಿನ ಗಾಡಿಯ ಶರ್ಯತ್ತಿನ ಜೊತೆಗೆ ಟ್ರ್ಯಾಕ್ಟರಿನ ಸ್ಪರ್ಧೆಗಳೂ ಬಂದಿವೆ. ಟ್ರೇಲರ್ ಜೋಡಿಸಿ ಹಿಂದಕ್ಕೆ ಓಡಿಸುವುದನ್ನು ನೋಡಲಿಕ್ಕೆ ಊರಿಗೆ ಊರೇ ಸೇರುತ್ತದೆ.

"ಅತ್ತೀ, ಇಂಜಿನ್ನಿಗೆ ಉಸರು ಕಟ್ಟೇತಿ. ಕಂಪನಿಯವರು ಹಾಕಿದ ಈ ಎಣ್ಣಿ ಡಬ್ಬಿ ಗಾಳಿ ತಡೀತೈತಿ. ಇದನ್ನ ತಗದು ಬ್ಯಾರೆ ಫಿಲ್ಟರ್ ಹಾಕಿದ್ರ ಬಿಚ್ಚಿ ಉಸರಾಡತೈತಿ ನೋಡು" ಎಂದ.

ಅವನು ಫೋನಿನಲ್ಲಿ ಚಿತ್ರ ತೋರಿಸಿದ. ಮದುವೆಯಲ್ಲಿ ಕೊಡುವ ಖಾರೆ ಶೇವಿನ ಪೊಟ್ಟಣದಂತೆ ಒಂದು ಕಡೆ ಚೂಪು, ಒಂದು ಕಡೆ ಅಗಲ. ಕೆಂಪು ಬಣ್ಣದ, ಎಣ್ಣೆ ಸವರಿದ ಹತ್ತಿಯ ಬಟ್ಟೆಯನ್ನು ನೆರಿಗೆ ನೆರಿಗೆಯಾಗಿ ಕೂರಿಸಿದ ಚಂದದ ಸಾಮಾನು. ಬೆಲೆ 3,500 ರೂಪಾಯಿ. 'ಬಿಚ್ಚಿ ಉಸಿರಾಡುವುದು' ಎಂಬ ಅವನ ಮಾತು ನನಗೆ ಹಿಡಿಸಿಬಿಟ್ಟಿತು. ಹುಡುಗಿಯರ ಶಾಲೆಯಲ್ಲಿ ವರ್ಷವಿಡೀ ನಾನು ಹೇಳುವ ಮಾತೂ ಅದೇ ಅಲ್ಲವೇ? ಯಾವುದೇ ಜೀವವಾಗಲಿ, ಕಟ್ಟಿಹಾಕಿದ ಉಸಿರು ಬಿಡಿಸಿಕೊಳ್ಳಬೇಕು. ಅಣ್ಣ ಬೈದ. ವೈನಿ ಏನೂ ಅನ್ನಲಿಲ್ಲ. ನಾನು ಪರ್ಸಿನಿಂದ ರೊಕ್ಕ ತೆಗೆದು ಕೊಟ್ಟೆ.

ಹಾಕಿದ ದಿನ ಅವನ ಮುಖ ನೋಡುವಂತಿತ್ತು. ಮೊದಲು ಗುಡುಗುಡು ಎನ್ನುತ್ತಿದ್ದ ಯಂತ್ರ ಈಗ ಗಾಳಿ ಎಳೆಯುವಾಗ ಹೂಂಕರಿಸುತ್ತಿತ್ತು. "ಕೇಳತೈತೇನ ಅತ್ತಿ, ಶಕ್ತಿ?" ಎಂದ. ನಾನೂ ಹೂಂ ಎಂದೆ. ಸದ್ದನ್ನೇ ಶಕ್ತಿ ಎಂದು ತಿಳಿಯುವ ತಪ್ಪನ್ನು ಸಭೆಗಳಲ್ಲಿ ಕುಳಿತಾಗ ನಾವೆಲ್ಲರೂ ಮಾಡುತ್ತೇವೆ. ಅವನೊಬ್ಬನನ್ನೇ ಏಕೆ ದೂರಬೇಕು?

ಫೆಬ್ರುವರಿಯಲ್ಲಿ ಕಡಲೆ ರಾಶಿ ಬಂದಿತು. ಕಡಲೆಯ ಕೆಲಸ ಮಾಡಿದವರಿಗೆ ಗೊತ್ತು, ಆ ಗಿಡದ ಎಲೆಯಲ್ಲಿ ಒಂದು ಬಗೆಯ ಹುಳಿ ಇರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಕೀಳುವಾಗ ಕೈ ಬಿರಿಯುತ್ತದೆ, ಒಣಗಿದ ಮೇಲೆ ಅದರ ಧೂಳು ಕಣ್ಣು ಮೂಗುಗಳನ್ನು ಸುಡುತ್ತದೆ. ಮಷೀನಿನ ಬಾಯಿಗೆ ಗಿಡ ಕೊಡುವವರು ಇಬ್ಬರು, ಕೆಳಗೆ ಕಾಳು ಗೋರುವವರು ಇಬ್ಬರು, ಹೊಟ್ಟು ಸರಿಸುವವಳು ಒಬ್ಬಳು. ಐವರೂ ಹೆಂಗಸರು. ಗಂಡಸರು ಚೀಲ ಹೊರುತ್ತಾರೆ, ಟ್ರ್ಯಾಕ್ಟರ್ ನೋಡಿಕೊಳ್ಳುತ್ತಾರೆ.

ಆ ಐವರಲ್ಲಿ ನಮ್ಮ ಓಣಿಯ ಚಿಗವ್ವ ಇದ್ದಳು. ರಕ್ತಸಂಬಂಧವಿಲ್ಲ, ಆದರೂ ನಾನು ಲಂಗ ತೊಡುವಾಗಿನಿಂದ ಅವಳನ್ನು ಹಾಗೆಯೇ ಕರೆದುಕೊಂಡು ಬಂದವಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ನಮ್ಮ ಕಣದಲ್ಲಿ ಅವಳು ನಿಲ್ಲದ ಸುಗ್ಗಿ ನನಗೆ ನೆನಪಿಲ್ಲ.

ಅಣ್ಣನ ಮಗ ಅವತ್ತು ಟ್ರ್ಯಾಕ್ಟರನ್ನು ತಂದು ನಿಲ್ಲಿಸಿ, ಇಳಿದು, ಒಂದು ಹಿಡಿ ಹೊಟ್ಟು ಎತ್ತಿ ಬಿಟ್ಟು ಗಾಳಿ ನೋಡಿದ. ಮತ್ತೆ ಹತ್ತಿ, ಸುತ್ತು ಹಾಕಿ, ಗಾಳಿ ಬರುವ ಕಡೆಗೆ ಟ್ರ್ಯಾಕ್ಟರ್ ಬರುವಂತೆ ನಿಲ್ಲಿಸಿದ. ಹೊಸ ಫಿಲ್ಟರಿಗೆ ಧೂಳು ತಾಗಬಾರದೆಂದು ಅವನ ಆಸೆ. ಟ್ರ್ಯಾಕ್ಟರಿನ ಹಿಂದೆ ಮಷೀನು, ಮಷೀನಿನ ಆಚೆಗೆ ಹೆಂಗಸರು. ಹೊಟ್ಟು ಉಗುಳುವ ಬಾಯಿ ಗಾಳಿಗೆ ಅಡ್ಡವಾಗಿ ಸಿಕ್ಕು, ಧೂಳೆಲ್ಲ ಸುತ್ತಿ ಅವರ ಮೇಲೆಯೇ ಬೀಳುತ್ತಿತ್ತು. ಅವರು ಸೆರಗನ್ನು ಮೂಗಿಗೆ ಬಿಗಿದುಕೊಂಡರು. ಬೇವಿನ ಗಿಡದ ಕೆಳಗೆ ಕುಳಿತ ನಾನು ಇದನ್ನೆಲ್ಲ ಕಂಡೆ. ಕಂಡೂ ನನಗೆ ಅನಿಸಿದ್ದು ಇಷ್ಟೇ: ಹುಡುಗ ಎಷ್ಟು ಜಾಗರೂಕ, ತನ್ನ ಸಾಮಾನನ್ನು ಎಷ್ಟು ಪ್ರೀತಿಯಿಂದ ನೋಡಿಕೊಳ್ಳುತ್ತಾನೆ!

ನಾಲ್ಕು ದಿನ ರಾಶಿ ನಡೆಯಿತು. ಮೂರನೆಯ ದಿನ ಚಿಗವ್ವ ಕೆಮ್ಮುತ್ತ ಬಂದು ನನ್ನ ಹತ್ತಿರ ಕುಳಿತಳು. ನೀರು ಕೊಟ್ಟೆ. "ಧೂಳ ಅಷ್ಟ, ಯವ್ವಾ. ಬೆಲ್ಲ ತಿಂದ್ರ ಹೊಕ್ಕೈತಿ" ಎಂದು ಎದ್ದು ಹೋದಳು. ನಾನು ಬೆಲ್ಲ ತರಿಸಿ ಐವರಿಗೂ ಕೊಟ್ಟೆ. ಕೊಟ್ಟು ಸಮಾಧಾನಪಟ್ಟುಕೊಂಡೆ.

ಮಳೆಗಾಲ ಬರುವಷ್ಟರಲ್ಲಿ ಟ್ರ್ಯಾಕ್ಟರ್ ಮುನಿಸಿಕೊಂಡಿತು. ಬೆಳಿಗ್ಗೆ ಚಾಲೂ ಆಗಲೊಲ್ಲದು. ಆದರೂ ನೀಲಿ ಹೊಗೆ. ಎರಡು ದಿನಕ್ಕೊಮ್ಮೆ ಆಯಿಲ್ ಕಡಿಮೆಯಾಗುತ್ತಿತ್ತು. ಕಡೆಗೆ ಬೈಲಹೊಂಗಲದಿಂದ ಮಿಸ್ತ್ರಿಯನ್ನು ಕರೆಸಿದರು. ಊರೆಲ್ಲ ಅವರನ್ನು ಚಾಚಾ ಎನ್ನುತ್ತದೆ. ಅವತ್ತು ಭಾನುವಾರ, ನಾನು ತವರಿನಲ್ಲಿದ್ದೆ. ಚಾಚಾ ಮೊದಲು ಇಂಜಿನ್ನಿನ ಗೊಡವೆಗೇ ಹೋಗಲಿಲ್ಲ. ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪನ್ನು ಬಿಚ್ಚಿ, ಅದರ ಒಳಗೆ ಬಿಳಿ ಅರಿವೆ ಸುತ್ತಿದ ಬೆರಳು ಆಡಿಸಿ ಹೊರಗೆ ತೆಗೆದರು. ಅರಿವೆ ಬೂದಿಯ ಬಣ್ಣವಾಗಿತ್ತು.

"ನೋಡ್ರಿ ಅಕ್ಕೋರ, ಸೋಸಿದ ಮ್ಯಾಲಿನ ದಾರಿ ಇದು. ಇಲ್ಲಿ ಧೂಳು ಇರಬಾರದು" ಎಂದರು.

ನನಗೆ ಪಾಠ ಹೇಳುವವರು ಅಪರೂಪ. ಚಾಚಾ ಹೇಳಿದರು, ನಾನು ಕೇಳಿಸಿಕೊಂಡೆ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಎಣ್ಣೆ ಡಬ್ಬಿಯನ್ನು ತರಿಸಿ ಬಿಚ್ಚಿ ತೋರಿಸಿದರು. ಇಂಜಿನ್ನು ಎಳೆಯುವ ಗಾಳಿ ಮೇಲಿನ ಟೊಪ್ಪಿಗೆಯಿಂದ ನಡುಗೊಳವೆಯಲ್ಲಿ ಕೆಳಗಿಳಿಯುತ್ತದೆ. ತಳದಲ್ಲಿ ಎಣ್ಣೆ ತುಂಬಿದ ಬಟ್ಟಲು. ಅದರ ಹತ್ತಿರ ಬಂದ ಗಾಳಿ ಒಮ್ಮೆಲೆ ಮೇಲಕ್ಕೆ ತಿರುಗಬೇಕು. "ಗಾಳಿ ಹಗರ, ಹೊಳ್ಳತೈತಿ. ಧೂಳು ಭಾರ, ಹೊಳ್ಳಾಕ ಬರೂದಿಲ್ಲ, ಎಣ್ಯಾಗ ಬೀಳತೈತಿ" ಎಂದರು ಚಾಚಾ. ಉಳಿದದ್ದು ಮೇಲಿನ ತಂತಿಯ ಜಾಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಇಷ್ಟು ಸಾದಾ ಉಪಾಯ. ದಿನಾಲು ಬಟ್ಟಲು ನೋಡಿ, ಕೆಸರು ಕೂತರೆ ಎಣ್ಣೆ ಬದಲಿಸಿದರೆ ಮುಗಿಯಿತು.

ಹೊಸ ಫಿಲ್ಟರನ್ನು ಚಾಚಾ ಹಳಿಯಲಿಲ್ಲ. ಡಾಂಬರು ರಸ್ತೆಯ ಗಾಡಿಗೆ, ಹೊತ್ತಿಗೆ ಸರಿಯಾಗಿ ತೊಳೆದು, ಹದವಾಗಿ ಎಣ್ಣೆ ಸವರುವವರ ಕೈಯಲ್ಲಿ ಅದು ಒಳ್ಳೆಯದೇ ಎಂದರು. ನಮ್ಮಲ್ಲಿ ಆದ ತಪ್ಪುಗಳು ಬೇರೆ. ಪೈಪಿಗೂ ಅದಕ್ಕೂ ಅಳತೆ ಕೂಡದೆ ಕ್ಲಿಪ್ಪು ಬಿಗಿದ ಕಡೆ ಸಂದು ಉಳಿದಿತ್ತು. ಸೋಸದ ಗಾಳಿ ಆ ಸಂದಿನಿಂದ ನುಗ್ಗಿತ್ತು. ಹಳೆಯ ಡಬ್ಬಿ ಎತ್ತರದಿಂದ ಗಾಳಿ ಎಳೆಯುತ್ತಿತ್ತು. ಹೊಸದು ಕೆಳಗೆ, ಬಿಸಿ ಇಂಜಿನ್ನಿನ ಪಕ್ಕದಲ್ಲಿ, ಧೂಳು ಏಳುವ ಮಟ್ಟದಲ್ಲಿಯೇ ಕುಳಿತಿತ್ತು. ಬಿಸಿ ಗಾಳಿ ತೆಳು, ಅದರಲ್ಲಿ ಶಕ್ತಿಯೂ ಕಡಿಮೆ. ಅದಲ್ಲದೆ ಡೀಸೆಲ್ ಇಂಜಿನ್ನಿಗೆ ಗಾಳಿ ಹೆಚ್ಚು ಕೊಟ್ಟಮಾತ್ರಕ್ಕೆ ಬಲ ಬರುವುದಿಲ್ಲ, ಪಂಪು ಎಷ್ಟು ಡೀಸೆಲ್ ಬಿಡುತ್ತದೋ ಅಷ್ಟೇ ಬಲ. ಹಾಗಾದರೆ ಹೆಚ್ಚಾದದ್ದೇನು ಎಂದು ಕೇಳಿದೆ. "ಆವಾಜ್" ಎಂದು ಚಾಚಾ ನಕ್ಕರು. ಅಣ್ಣನ ಮಗ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ.

ಇಂಜಿನ್ನು ಬಿಚ್ಚಿದಾಗ ಲೈನರಿನ ಒಳಮೈ ಗೀರಾಗಿ, ರಿಂಗುಗಳು ಸವೆದಿದ್ದವು. ಮಣ್ಣಿನಲ್ಲಿರುವ ಮರಳಿನ ಕಣ ಕಬ್ಬಿಣವನ್ನೂ ಗೀರುತ್ತದೆ. ಎಣ್ಣೆಯೊಂದಿಗೆ ಸೇರಿದರಂತೂ ಸಾಣೆ ಹಿಡಿಯುವ ಮಸಾಲೆಯೇ ಆಗುತ್ತದೆ. ಲೈನರ್, ಪಿಸ್ಟನ್, ರಿಂಗು, ಮಜೂರಿ ಎಲ್ಲ ಕೂಡಿ 18,000 ರೂಪಾಯಿ ಬಿಲ್ಲಾಯಿತು. ಅಣ್ಣ ಗೊಣಗುತ್ತ ಕೊಟ್ಟ. ಹಳೆಯ ಡಬ್ಬಿ ತನ್ನ ಜಾಗಕ್ಕೆ ಮರಳಿತು.

ಚಾಚಾ ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಉಳಿಯಿತು. ಒಂದು ಲೀಟರ್ ಡೀಸೆಲ್ ಉರಿಯಬೇಕಾದರೆ ಕಡಿಮೆಯೆಂದರೂ 10,000 ಲೀಟರ್ ಗಾಳಿ ಬೇಕಂತೆ. ಮನೆಗೆ ಬಂದು ನಾನು ವಿಜ್ಞಾನದ ಪುಸ್ತಕ ತೆಗೆದು ಬೇರೊಂದು ಲೆಕ್ಕ ಹಾಕಿದೆ. ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ದಿನವಿಡೀ ಲೆಕ್ಕ ಹಿಡಿದರೆ ಅದೂ ಹೆಚ್ಚುಕಡಿಮೆ 10,000 ಲೀಟರ್! ಮೈಮುರಿದು ದುಡಿಯುವವರಿಗೆ ಇನ್ನೂ ಹೆಚ್ಚು. ನಮ್ಮ ಒಂದು ದಿನದ ಉಸಿರೂ ಒಂದು ಲೀಟರ್ ಡೀಸೆಲಿನ ಉಸಿರೂ ಸಮವೆಂದು ತಿಳಿದು ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕಣದಲ್ಲಿ ಒಂದೇ ಗಾಳಿಯನ್ನು ಎಳೆಯುತ್ತ ನಿಂತವರು ಆರು ಮಂದಿ: ಒಂದು ಯಂತ್ರ, ಐದು ಹೆಂಗಸರು. ಯಂತ್ರಕ್ಕೆ ಎಣ್ಣೆಯ ಬಟ್ಟಲು, ತಂತಿಯ ಜಾಳಿಗೆ, ಟೊಪ್ಪಿಗೆ. ಅದೂ ಸಾಲದೆಂದು ಗಾಳಿ ನೋಡಿ ಜಾಗ. ಹೆಂಗಸರಿಗೆ ಒಂದು ಸೆರಗು.

ಸೆರಗಿನ ಬಗ್ಗೆ ನಮಗೆ ವಿಶ್ವಾಸ ಬಹಳ. ಅದು ಪೂರ್ತಿ ಸುಳ್ಳೂ ಅಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕಾರು ಪದರು ಮಡಿಚಿ ಹೊಳೆ, ಕೆರೆಯ ನೀರು ಸೋಸುವುದನ್ನು ಕಲಿಸಿದಾಗ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತೆಂದು 2003ರಲ್ಲಿ ರೀಟಾ ಕಾಲ್ವೆಲ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಆದರೆ ನೀರಿಗೆ ಸಾಕಾದದ್ದು ಗಾಳಿಗೆ ಸಾಲದು. ಕೂದಲಿನ ದಪ್ಪದ ಏಳರಲ್ಲಿ ಒಂದು ಪಾಲಿಗಿಂತ ಸಣ್ಣ ಕಣಗಳು ಮೂಗು ಗಂಟಲುಗಳನ್ನು ದಾಟಿ ಒಳಗೆ ಇಳಿಯುತ್ತವೆ. ಒಂದು ಪದರಿನ ಸಡಿಲ ಸೆರಗು ಅವನ್ನು ಹಿಡಿಯಲಾರದು. ಪಕ್ಕದ ಸಂದಿನಿಂದಂತೂ, ನಮ್ಮ ಟ್ರ್ಯಾಕ್ಟರಿನ ಕ್ಲಿಪ್ಪಿನಲ್ಲಿ ಆದಂತೆ, ಸೋಸದ ಗಾಳಿಯೇ ಹೋಗುತ್ತದೆ.

ಶ್ರಾವಣದಲ್ಲಿ ಚಿಗವ್ವನ ಸೊಸೆ ಫೋನು ಮಾಡಿದಳು. "ಅತ್ತಿಗೆ ಮೆಟ್ಲ ಹತ್ತಾಕ ಆಗವಲ್ದು, ಅಕ್ಕೋರ" ಎಂದಳು. ನಾನೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರರು ಎದೆಗೆ ಕೊಳವೆ ಇಟ್ಟು ನೋಡಿ, "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು.

"ಏನೂ ಇಲ್ರಿ. ಮನ್ಯಾಗ ಇರ್ತೀನಿ" ಎಂದಳು ಚಿಗವ್ವ.

ನಾನು ಬೆಚ್ಚಿಬಿದ್ದೆ. ಐವತ್ತು ಸುಗ್ಗಿಗಳಲ್ಲಿ ದುಡಿದವಳ ಬಾಯಿಂದ ಬಂದ ಉತ್ತರವದು. ಅವಳು ಸುಳ್ಳು ಹೇಳಲಿಲ್ಲ. ತಾನು ಮಾಡಿದ್ದು ಕೆಲಸವೆಂದು ಯಾರೂ ಅವಳಿಗೆ ಹೇಳಿರಲಿಲ್ಲ, ಅಷ್ಟೇ. ನಾನೇ ಮುಂದೆ ಬಂದು, ರಾಶಿಯ ಕಣದ ಕೆಲಸ, ವರ್ಷಕ್ಕೆ ಎರಡು ಮೂರು ತಿಂಗಳು, ಜೋಳ, ಕಡಲೆ, ಅದಲ್ಲದೆ ಮನೆಯಲ್ಲಿ ಕಟ್ಟಿಗೆ ಒಲೆ ಎಂದು ಹೇಳಿದೆ. ಡಾಕ್ಟರರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಆ ಮೇಲೆ ಅವರು ಕೇಳಿದ ಪ್ರಶ್ನೆಗಳೇ ಬೇರೆಯಾದವು.

ಇಟಲಿಯಲ್ಲಿ ಬರ್ನಾರ್ಡಿನೊ ರಮಜ್ಜೀನಿ ಎಂಬ ವೈದ್ಯನಿದ್ದ. ಕೆಲಸಗಾರರಿಗೆ ಬರುವ ರೋಗಗಳ ಬಗ್ಗೆ 1700ರಲ್ಲಿ ಒಂದು ಪುಸ್ತಕ ಬರೆದ. ಹಳೆಯ ಕಾಲದ ವೈದ್ಯರು ರೋಗಿಯನ್ನು ಕೇಳುತ್ತಿದ್ದ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಸೇರಿಸಬೇಕೆಂದು ಅವನು ಹೇಳಿದ: ನಿನ್ನ ಉದ್ಯೋಗವೇನು? ಆ ಪುಸ್ತಕದಲ್ಲಿ ಕಾಳು ಜರಡಿ ಹಿಡಿಯುವವರಿಗೆಂದೇ ಒಂದು ಅಧ್ಯಾಯವಿದೆ. ಮುನ್ನೂರು ವರ್ಷಗಳಿಗೂ ಹಿಂದೆ ಅವನು ಕೇಳಿಸಿದ ಪ್ರಶ್ನೆಗೆ ನಮ್ಮ ಹೆಂಗಸರು ಇಂದಿಗೂ 'ಏನೂ ಇಲ್ಲ' ಎಂದೇ ಉತ್ತರ ಕೊಡುತ್ತಿದ್ದಾರೆ.

ಚಿಗವ್ವನಿಗೆ ಎಳೆದುಕೊಳ್ಳುವ ಔಷಧ ಬರೆದುಕೊಟ್ಟರು. ಹೋದ ಉಸಿರು ಪೂರ್ತಿ ಮರಳುವುದಿಲ್ಲ, ಇದ್ದದ್ದನ್ನು ಕಾಯ್ದುಕೊಳ್ಳಬೇಕು, ಧೂಳು ಹೊಗೆಗಳಿಂದ ದೂರವಿರಬೇಕು ಎಂದರು. ನಮ್ಮ ಕಣದ ನಾಲ್ಕು ದಿನಗಳಿಂದಲೇ ಹೀಗಾಯಿತೆಂದು ನಾನು ಹೇಳಲಾರೆ. ಐವತ್ತು ವರ್ಷಗಳ ಧೂಳು, ಐವತ್ತು ವರ್ಷಗಳ ಹೊಗೆ ಅದರಲ್ಲಿದೆ. ಆದರೆ ಆ ಐವತ್ತು ವರ್ಷಗಳಲ್ಲಿ ನಮ್ಮ ಕಣದ ಸುಗ್ಗಿಗಳು ಎಷ್ಟು ಎಂದು ಎಣಿಸುತ್ತ ಹೋದರೆ ರಾತ್ರಿ ನಿದ್ದೆ ಬರುವುದಿಲ್ಲ.

ಇಲ್ಲಿ ನನ್ನನ್ನು ಕಾಡಿದ ಪ್ರಶ್ನೆ ಇದು. ನಾವು ಕೆಟ್ಟವರೇ? ಅಣ್ಣನ ಮಗ ಒರಟನಲ್ಲ. ಚಿಗವ್ವನಿಗೆ ಹಬ್ಬಕ್ಕೆ ಸೀರೆ ಕೊಡಿಸುವವನು. ನಾನು ಬೆಲ್ಲ ತರಿಸಿದವಳು. ಹಾಗಿದ್ದೂ ಮಾತನಾಡದ ಯಂತ್ರದ ಕಷ್ಟ ನಮಗೆ ತಿಳಿಯಿತು, ಪಕ್ಕದಲ್ಲಿ ಕುಳಿತು ಕೆಮ್ಮಿದವಳ ಕಷ್ಟ ತಿಳಿಯಲಿಲ್ಲ. ಯಾಕೆ? ಬಹಳ ದಿನ ಯೋಚಿಸಿದ ಮೇಲೆ ನನಗೆ ಹೊಳೆದ ಉತ್ತರ ಸಣ್ಣದು, ಒಪ್ಪಿಕೊಳ್ಳಲಿಕ್ಕೆ ಕಹಿಯಾದದ್ದು. ಇಂಜಿನ್ನಿನ ರಿಪೇರಿ ಬಿಲ್ಲು ನಮ್ಮ ಮನೆಗೆ ಬರುತ್ತದೆ. ಚಿಗವ್ವನ ಬಿಲ್ಲು ಅವಳ ಮನೆಗೆ ಹೋಗುತ್ತದೆ. ನಮ್ಮ ಕಾಳಜಿ ಬಿಲ್ಲಿನ ಹಿಂದೆ ನಡೆಯುತ್ತಿತ್ತು. ಅದನ್ನೇ ನಾವು ಜಾಗರೂಕತೆ ಎಂದು ಹೊಗಳಿಕೊಳ್ಳುತ್ತಿದ್ದೆವು.

ಕಾನೂನಿನ ಕಣ್ಣೂ ಹೀಗೆಯೇ ಇರುತ್ತದೆಯೇನೋ. ರಾಶಿ ಮಷೀನಿನಲ್ಲಿ ಕೈ ಕಳೆದುಕೊಳ್ಳುವವರು ಹೆಚ್ಚಾದಾಗ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆ ಬಂದಿತು. ಕೈ ಕಾಲು ಕಳೆದುಕೊಂಡವರಿಗೆ ಪರಿಹಾರ ಕೊಡಬೇಕೆಂದು ಅದು ಹೇಳುತ್ತದೆ. ಒಳ್ಳೆಯದೇ. ಆದರೆ ತುಂಡಾದ ಕೈ ಕಣದಲ್ಲಿಯೇ ಕಾಣುತ್ತದೆ, ಸವೆದ ಉಸಿರು ಇಪ್ಪತ್ತು ವರ್ಷಗಳ ಮೇಲೆ ಮೆಟ್ಟಿಲ ಮೇಲೆ ಕಾಣುತ್ತದೆ. ಅದು ಯಾರ ಕಣದ್ದೆಂದು ಹೇಳುವವರು ಯಾರು? ಒಲೆಯ ವಿಷಯವೂ ಹೀಗೆಯೇ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ ವಿಭಾಗದವರು ಹೊಗೆ ಕೊಳವೆಯಿರುವ ಅಸ್ತ್ರ ಒಲೆಯನ್ನು ಮಾಡಿ, ಎಂಬತ್ತರ ದಶಕದಲ್ಲಿ ಅದು ಕರ್ನಾಟಕದ ಹಳ್ಳಿಗಳಿಗೆ ಬಂದಿತು. ಉಜ್ವಲಾ ಯೋಜನೆಯ ಗ್ಯಾಸು 2016ರಲ್ಲಿ ಬಂದಿತು. ಕಾರ್ಖಾನೆಯ ಹೊಗೆಗೆ ಎಂದೋ ಎತ್ತರದ ಚಿಮಣಿ ಕಟ್ಟಿದ ನಾವು ಅಡುಗೆಮನೆಗೆ ಬರುವಷ್ಟರಲ್ಲಿ ಚಿಗವ್ವನಂಥವರು ಮುದುಕಿಯರಾಗಿದ್ದರು.

ಮುಂದಿನ ಫೆಬ್ರುವರಿಗೆ ನಾನು ಪಟ್ಟಣದಿಂದ ಒಂದು ಪೆಟ್ಟಿಗೆ ಒಳ್ಳೆಯ ಮಾಸ್ಕು ತೆಗೆದುಕೊಂಡು ಹೋದೆ. 2020ರ ಕೊರೊನಾ ಕಾಲದಲ್ಲಿ ಎಲ್ಲರಿಗೂ ರೂಢಿಯಾಗಿದೆಯಲ್ಲ ಎಂಬ ಧೈರ್ಯ. ಐವರೂ ನಕ್ಕು ಹಾಕಿಕೊಂಡರು. ಒಂದು ತಾಸಿನೊಳಗೆ ಐದೂ ಮಾಸ್ಕು ಕೊರಳಿಗೆ ಇಳಿದವು. ಬಿಸಿಲು, ಬೆವರು; ತೋಯ್ದ ಮಾಸ್ಕಿನಲ್ಲಿ ಉಸಿರು ಸಿಗದು. ಮಷೀನು ನಿಲ್ಲುವುದಿಲ್ಲ, ಆದ್ದರಿಂದ ಅವರೂ ನಿಲ್ಲುವಂತಿಲ್ಲ. "ಹೇಳಿದ್ದು ಕೇಳೂದಿಲ್ಲ ನೋಡ್ರಿ ಇವ್ರು" ಎಂದು ಚೀಲ ಹೊರುವವನೊಬ್ಬ ಅಂದ. ನನಗೂ ಹಾಗೆಯೇ ಅನ್ನಬೇಕೆನಿಸಿತ್ತು. ಕೊಟ್ಟದ್ದನ್ನು ಬಳಸಲಿಲ್ಲವೆಂದರೆ ಕೊಟ್ಟವರ ಜವಾಬ್ದಾರಿ ಮುಗಿಯಿತೆಂದು ತಿಳಿಯುವುದು ಎಷ್ಟು ಸುಲಭ!

ಚಿಗವ್ವ ಆ ವರ್ಷ ಬರಲಿಲ್ಲ. ಅವಳ ಜಾಗದಲ್ಲಿ ಸೊಸೆ ನಿಂತಿದ್ದಳು.

ಆಗ ವೈನಿ ಬುತ್ತಿ ತಂದಿದ್ದಳು. ಬುತ್ತಿ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ಕಣ ನೋಡಿದಳು. ಅವಳು ಲಗ್ನವಾಗಿ ಬಂದಾಗ ನಮ್ಮಲ್ಲಿ ಮಷೀನು ಇರಲಿಲ್ಲ, ಅವಳು ತೂರಿದವಳು. ತೂರುವವರಿಗೆ ಗಾಳಿಯೇ ದೇವರು. ಗಾಳಿ ಬೆನ್ನಿಗೆ ತೆಗೆದುಕೊಂಡು ನಿಂತು ಮೊರ ಎತ್ತಬೇಕು. ಕಾಳು ಕಾಲ ಹತ್ತಿರ ಬೀಳುತ್ತದೆ, ಹೊಟ್ಟು ಮುಂದೆ ಹಾರಿ ಹೋಗುತ್ತದೆ. ಗಾಳಿ ಬಿದ್ದರೆ ಕೆಲಸ ನಿಲ್ಲಿಸಿ ಕುಳಿತುಕೊಳ್ಳುತ್ತಿದ್ದರು. ಮಷೀನು ಬಂದ ಮೇಲೆ ಗಾಳಿಗೆ ಕಾಯುವ ಕೆಲಸ ತಪ್ಪಿತು. ಗಾಳಿ ನೋಡುವ ರೂಢಿಯೂ ತಪ್ಪಿತು. ನೋಡಿದವನು ಒಬ್ಬನೇ, ಅದೂ ಟ್ರ್ಯಾಕ್ಟರಿಗಾಗಿ.

"ಮಷೀನ್ ಹೊಳ್ಳಿಸೊ ತಮ್ಮಾ" ಎಂದಳು ವೈನಿ ಮಗನಿಗೆ. "ಇವ್ರ ಬೆನ್ನಿಗೆ ಗಾಳಿ ಬರಬೇಕು. ಹೊಟ್ಟು ಆ ಕಡೆ ಹೋಗಲಿ."

"ಹಂಗ ಮಾಡಿದ್ರ ಟ್ರ್ಯಾಕ್ಟರ್ ಧೂಳಿಗೆ ಬರತೈತಿ, ಯವ್ವಾ" ಎಂದ.

"ಬರಲಿ. ಅದಕ್ಕ ಸಾಣಿಗಿ ಐತಿ. ಇವ್ರಿಗೆ ಎಲ್ಲೈತಿ?"

ಬಿ.ಎ., ಬಿ.ಎಡ್. ಓದಿ ಇಷ್ಟು ವರ್ಷ ಪಾಠ ಮಾಡಿದ ನನಗೆ ತಿಂಗಳುಗಟ್ಟಲೆ ಯೋಚಿಸಿದರೂ ಹೊಳೆಯದ ಮಾತು ಅದು. ಯಾರನ್ನು ಮೊದಲು ಕಾಯಬೇಕು ಎಂದಷ್ಟೇ ನಾನು ಕೇಳಿಕೊಳ್ಳುತ್ತಿದ್ದೆ. ಧೂಳಂತೂ ಎಲ್ಲಿಗಾದರೂ ಹೋಗಲೇಬೇಕು, ಕಡಲೆ ರಾಶಿಯಲ್ಲಿ ಧೂಳಿಲ್ಲದ ಕಣವಿಲ್ಲ. ಹಾಗಾದರೆ ಅದರ ಎದುರಿಗೆ ನಿಲ್ಲಬೇಕಾದವರು ಯಾರು? ಸಾಣಿಗೆ ಇದ್ದವರು.

ಟ್ರ್ಯಾಕ್ಟರ್ ತಿರುಗಿಸಿ ನಿಲ್ಲಿಸಲಿಕ್ಕೆ ಅರ್ಧ ತಾಸು ಹಿಡಿಯಿತು. ಹೊಟ್ಟಿನ ಬಾಯಿಗೆ ತಗಡಿನ ಒಂದು ಕೊಳವೆ ಜೋಡಿಸಿ ಉದ್ದ ಮಾಡಿದರು. ಮಧ್ಯಾಹ್ನ ಗಾಳಿ ತಿರುಗಿದಾಗ ಮತ್ತೊಮ್ಮೆ ಸರಿಸಬೇಕಾಯಿತು, ದಿನಕ್ಕೆ ನಾಲ್ಕೈದು ಚೀಲ ಕಡಿಮೆ ಬಂದಿತು. ತಾಸಿಗೊಮ್ಮೆ ಮಷೀನು ನಿಲ್ಲಿಸಿ, ಗಿಡ ಕೊಡುವವರೂ ಕಾಳು ಗೋರುವವರೂ ಜಾಗ ಬದಲಿಸಿದರು. ನಾಲ್ಕು ದಿನದ ರಾಶಿ ಐದು ದಿನವಾಯಿತು. ಐದನೆಯ ದಿನದ ಪಗಾರವನ್ನು ನನ್ನ ಎರಡೆಕರೆಯ ಲೆಕ್ಕಕ್ಕೆ ಬರೆಸಿದೆ. ಧೂಳು ಪೂರ್ತಿ ತಪ್ಪಿತೆಂದಲ್ಲ. ಆದರೆ ಸಂಜೆ ಚಿಗವ್ವನ ಸೊಸೆ ಮುಖ ತೊಳೆದಾಗ ನೀರು ಹಿಂದಿನ ವರ್ಷದಷ್ಟು ಕಪ್ಪಾಗಿರಲಿಲ್ಲ.

ಇದನ್ನು ಓದುವ ಪಟ್ಟಣದ ಅಕ್ಕತಂಗಿಯರಿಗೆ ಕಣವೂ ಇಲ್ಲ, ಟ್ರ್ಯಾಕ್ಟರೂ ಇಲ್ಲ ಎಂದು ನನಗೆ ಗೊತ್ತು. ನನಗೂ ವರ್ಷದಲ್ಲಿ ನಾಲ್ಕು ದಿನ ಬಿಟ್ಟರೆ ಇಲ್ಲ. ಆದರೆ ಸಾಣಿಗೆಗಳು ನಮಗೆ ಬೇಕಾದಷ್ಟಿವೆ. ತಿಂಗಳಿಗೆ ಸರಿಯಾಗಿ ಬರುವ ಪಗಾರ, ಓದು, ಸಾಹೇಬರ ಎದುರಿಗೆ ಕುರ್ಚಿ ಎಳೆದುಕೊಂಡು ಕೂಡುವ ಧೈರ್ಯ, ಬೇನೆ ಬಂದರೆ ಡಾಕ್ಟರರಿಗೆ ತಿಳಿಸಿ ಹೇಳುವ ಬಾಯಿ, ಇವೆಲ್ಲ ಸಾಣಿಗೆಗಳೇ. ಇವು ಇರುವುದರಿಂದಲೇ ನಾವು ಗಾಳಿ ಬರುವ ಕಡೆ, ಬೇವಿನ ನೆರಳಿನಲ್ಲಿ ಕುಳಿತಿದ್ದೇವೆ. ಶಾಲೆಯಲ್ಲಿ ಒಂದು ಜಗಳದ ಕಾಗದಕ್ಕೆ ಸಹಿ ಬೇಕಾದಾಗ ಹೊಸದಾಗಿ ಸೇರಿದ, ಕೆಲಸ ಕಾಯಂ ಆಗದ ಹುಡುಗಿಯನ್ನು ಮುಂದೆ ಮಾಡಿ ನಾನು ಹಿಂದೆ ಸರಿದ ದಿನವೊಂದು ನೆನಪಾಗುತ್ತದೆ. ಅವತ್ತು ವೈನಿ ಅಲ್ಲಿದ್ದಿದ್ದರೆ ನನಗೂ ಅದೇ ಮಾತು ಹೇಳುತ್ತಿದ್ದಳು.

ಈಗ ಅಣ್ಣನ ಮಗ ರಾಶಿಯ ದಿನಗಳಲ್ಲಿ ಪ್ರತಿ ಸಂಜೆ ಎಣ್ಣೆಯ ಬಟ್ಟಲು ಬಿಚ್ಚುತ್ತಾನೆ. ಮೊದಲ ದಿನ ಅದನ್ನು ನನ್ನ ಹತ್ತಿರ ತಂದು ಬಾಗಿಸಿ ತೋರಿಸಿದ. ಎಣ್ಣೆಯ ಅಡಿಯಲ್ಲಿ ಬೆರಳಗಲ ಕಪ್ಪು ಕೆಸರು ಕುಳಿತಿತ್ತು. ಒಂದೇ ದಿನದ್ದು. ಅವನು ಅದನ್ನು ಕಡ್ಡಿಯಿಂದ ಕೆದಕಿ ಬದುವಿನ ಮೇಲೆ ಹಾಕಿದ. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತೆವು. ಹೋದ ವರ್ಷ ಇಷ್ಟೆಲ್ಲ ಎಲ್ಲಿಗೆ ಹೋಗಿತ್ತು ಎಂದು ನಾನೂ ಕೇ‍ಳಲಿಲ್ಲ, ಅವನೂ ಹೇಳಲಿಲ್ಲ.